ಸಂಘದ ಕೆಲಸ ಈಗ ಫೋನಿನಲ್ಲಿ: ಗುಂಪು, ಕಡತ, ಸಭೆಗಳನ್ನು ಜೋಪಾನವಾಗಿ ನಡೆಸುವ ಬಗೆ



ಹತ್ತನೇ ತರಗತಿಯನ್ನು ಕನ್ನಡ ಮಾಧ್ಯಮದಲ್ಲಿ ಓದಿ ಒಳ್ಳೆಯ ಅಂಕ ಪಡೆದ ಮಕ್ಕಳಿಗೆ ಕಳೆದ ಬಾರಿ ಪ್ರತಿಭಾ ಪುರಸ್ಕಾರ ಮಾಡುವಾಗ ನಮ್ಮಿಂದ ಒಂದು ತಪ್ಪಾಯಿತು. ಬಹುಮಾನದ ಹಣವನ್ನು ನೇರವಾಗಿ ಬ್ಯಾಂಕ್ ಖಾತೆಗೆ ಹಾಕೋಣವೆಂದು ಮಕ್ಕಳ ಹೆಸರು, ಶಾಲೆ, ಅಂಕ, ತಂದೆಯ ಫೋನ್ ನಂಬರು, ಆಧಾರ್ ನಂಬರು, ಪಾಸ್‌ಬುಕ್ಕಿನ ಮೊದಲ ಪುಟದ ಫೋಟೊ ಎಲ್ಲವನ್ನೂ ತರಿಸಿಕೊಂಡೆವು. ಪಟ್ಟಿಯಲ್ಲಿ ತಪ್ಪಿದ್ದರೆ ತಿಳಿಸಲಿ ಎಂಬ ಒಳ್ಳೆಯ ಉದ್ದೇಶದಿಂದ ಅದನ್ನು ಸಂಘದ ದೊಡ್ಡ ವಾಟ್ಸಾಪ್ ಗುಂಪಿಗೆ ಹಾಕಿಬಿಟ್ಟೆವು.

ಎರಡು ದಿನ ಬಿಟ್ಟು ಒಬ್ಬ ವಿದ್ಯಾರ್ಥಿನಿಯ ತಂದೆಗೆ ಕರೆ ಬಂತು. ಮಾತು ಒಳ್ಳೆಯ ಕನ್ನಡದಲ್ಲೇ ಇತ್ತು. "ನಿಮ್ಮ ಮಗಳಿಗೆ ಹಣ ಮಂಜೂರಾಗಿದೆ, ಈಗ ನಿಮ್ಮ ಫೋನಿಗೆ ಬರುವ ನಂಬರು ಹೇಳಿ" ಎಂದರಂತೆ. ಮಗಳ ಹೆಸರು, ಶಾಲೆ, ಅಂಕ, ಬ್ಯಾಂಕಿನ ಶಾಖೆ ಎಲ್ಲವನ್ನೂ ಸರಿಯಾಗಿ ಹೇಳಿದ್ದರಿಂದ ಅವರು ನಂಬಿದರು. ನಂಬರು ಓದಲು ಶುರು ಮಾಡಿದಾಗ ಪಕ್ಕದಲ್ಲಿದ್ದ ಮಗಳೇ ಫೋನ್ ಕಿತ್ತುಕೊಂಡು ಕರೆ ಕತ್ತರಿಸಿದಳು. ಹಣ ಉಳಿಯಿತು. ಆ ವಿವರ ನಮ್ಮ ಪಟ್ಟಿಯಿಂದಲೇ ಹೋಯಿತೆಂದು ಹೇಳಲು ಆಧಾರವಿಲ್ಲ. ಹೋಗಿರಲಾರದು ಎಂದು ಹೇಳುವ ಧೈರ್ಯವೂ ನಮಗಿಲ್ಲ.

ಆ ಮನೆಯವರ ಕ್ಷಮೆ ಕೇಳಿದ್ದೇವೆ. ಆದರೆ ಕ್ಷಮೆ ಕೇಳಿ ಸುಮ್ಮನಾಗುವ ವಿಷಯವಲ್ಲ ಇದು. ಸಂಘದ ಕೆಲಸವೆಲ್ಲ ಈಗ ಫೋನಿಗೆ ಬಂದಿದೆ. ಅದನ್ನು ಹೇಗೆ ಉಪಯೋಗಿಸಬೇಕು, ಎಲ್ಲಿ ಎಚ್ಚರವಾಗಿರಬೇಕು ಎಂದು ಕಾರ್ಯಕಾರಿ ಸಮಿತಿಯಲ್ಲಿ ಚರ್ಚಿಸಿ, ಬೆಂಗಳೂರಿನ ಕಂಪನಿಗಳಲ್ಲಿ ಕೆಲಸ ಮಾಡುವ ನಮ್ಮ ಊರಿನ ಯುವಕ ಯುವತಿಯರನ್ನೂ ಕೇಳಿ ತಿಳಿದುಕೊಂಡ ವಿಷಯಗಳನ್ನು ಇಲ್ಲಿ ಬರೆದಿದ್ದೇವೆ. ಶಾಲೆ ನಡೆಸುವ ಮೇಷ್ಟ್ರುಗಳಿಗೆ, ಹೊಲಿಗೆ ಘಟಕದವರಿಗೆ, ಸ್ವಸಹಾಯ ಗುಂಪಿನ ಅಕ್ಕಂದಿರಿಗೂ ಇದು ಉಪಯೋಗಕ್ಕೆ ಬರಬಹುದು.

ನಮಗೆ ಇದು ಏಕೆ ಮುಖ್ಯ

ರಾಯದುರ್ಗಕ್ಕೂ ಮಡಕಶಿರಾಕ್ಕೂ ನೂರು ಕಿಲೋಮೀಟರಿಗೆ ಮೇಲ್ಪಟ್ಟ ಹಾದಿ. ನಡುವೆ ಕರ್ನಾಟಕದ ಪಾವಗಡ ತಾಲ್ಲೂಕು ಬರುತ್ತದೆ. ಒಂದು ಸಭೆಗೆಂದು ಅಗಳಿ, ರೊಳ್ಳ, ಅಮರಾಪುರದ ಕಡೆಯವರು ರಾಯದುರ್ಗಕ್ಕೆ ಬಂದು ಹೋಗುವುದೆಂದರೆ ಒಂದು ದಿನದ ಕೂಲಿ, ಒಂದು ದಿನದ ಪ್ರಯಾಣ. ಡಿ. ಹಿರೇಹಾಳು, ಬೊಮ್ಮನಹಾಳು ಕಡೆಯವರಿಗೂ ಅಷ್ಟೇ. ಹಾಗಾಗಿ ನಮ್ಮನ್ನು ಕೂಡಿಸಿರುವುದು ಫೋನೇ.

ಇನ್ನೊಂದು ಬದಲಾವಣೆಯೂ ಆಗಿದೆ. 2022ರ ಏಪ್ರಿಲ್ 4ರಂದು ಆಂಧ್ರಪ್ರದೇಶದಲ್ಲಿ ಜಿಲ್ಲೆಗಳ ಪುನರ್ವಿಂಗಡಣೆಯಾದಾಗ ಮಡಕಶಿರಾ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ರಾಯದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿಯಿತು. ಮೊದಲು ಅನಂತಪುರಕ್ಕೆ ಒಂದು ಮನವಿ ಕೊಟ್ಟರೆ ಎರಡೂ ಕಡೆಗೆ ಆಗುತ್ತಿತ್ತು. ಈಗ ಅನಂತಪುರಕ್ಕೊಂದು, ಪುಟ್ಟಪರ್ತಿಗೊಂದು ಕೊಡಬೇಕು. ಎರಡು ಕಲೆಕ್ಟರ್ ಕಚೇರಿ, ಎರಡು ಜಿಲ್ಲಾ ಶಿಕ್ಷಣಾಧಿಕಾರಿ ಕಚೇರಿ, ಎರಡು ಕಡತ.

ಗಡಿಯಲ್ಲಿರುವ ನಮ್ಮಂಥವರಿಗೆ ದಾಖಲೆಯೇ ಬಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಈ ಕಡೆಗೆ ಬಂದವು. ಅಂದಿನಿಂದ ಇಂದಿನವರೆಗೆ ಕನ್ನಡ ಶಾಲೆ ಉಳಿಸಿಕೊಳ್ಳುವುದಕ್ಕೆ ಹಿರಿಯರು ಅರ್ಜಿ ಬರೆಯುತ್ತಲೇ ಬಂದಿದ್ದಾರೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಅನುಕೂಲ ಮಾಡಿಕೊಡಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ, ನಿಜ. ಆದರೆ ಅಧಿಕಾರಿಗಳ ಮುಂದೆ ನಿಂತಾಗ ವಿಧಿಯ ಹೆಸರು ಹೇಳಿದರಷ್ಟೇ ಸಾಲದು. ಯಾವ ಶಾಲೆ, ಎಷ್ಟು ಮಕ್ಕಳು, ಎಷ್ಟು ಹುದ್ದೆ ಖಾಲಿ, ಹಿಂದಿನ ಮನವಿ ಕೊಟ್ಟ ದಿನಾಂಕ ಯಾವುದು, ಸ್ವೀಕೃತಿ ಪ್ರತಿ ಎಲ್ಲಿದೆ ಎಂದು ಕೇಳುತ್ತಾರೆ. ಆ ಹೊತ್ತಿನಲ್ಲಿ "ಅದು ಹಿಂದಿನ ಕಾರ್ಯದರ್ಶಿಗಳ ಹಳೇ ಫೋನಿನಲ್ಲಿತ್ತು" ಎಂದರೆ ಅಲ್ಲಿಗೆ ಮುಗಿಯಿತು. ಕಡತ ಕಳೆದರೆ ಒಂದು ಮೇಷ್ಟ್ರ ಹುದ್ದೆಯೇ ಕಳೆಯಬಹುದು.

ಯಾವ ಕೆಲಸಕ್ಕೆ ಯಾವ ಸಾಧನ

ದೊಡ್ಡ ಕಂಪನಿಗಳಲ್ಲಿ ಮೈಕ್ರೋಸಾಫ್ಟ್ ಟೀಮ್ಸ್, ಸ್ಲ್ಯಾಕ್, ಗೂಗಲ್ ವರ್ಕ್‌ಸ್ಪೇಸ್ ಎಂಬ ಸಾಧನಗಳಿವೆ. ಅವುಗಳ ಒಳಗೆ ನೋಡಿದರೆ ಇರುವುದು ಮೂರೇ ಕೆಲಸ: ಮಾತುಕತೆ, ಕಡತ, ಸಭೆ. ಈ ಮೂರನ್ನೂ ಬೇರೆ ಬೇರೆಯಾಗಿ, ಆದರೆ ಒಂದಕ್ಕೊಂದು ಹೊಂದುವಂತೆ ಇಟ್ಟಿರುತ್ತಾರೆ. ನಾವು ಮಾಡುತ್ತಿದ್ದ ತಪ್ಪೆಂದರೆ ಮೂರನ್ನೂ ಒಂದೇ ವಾಟ್ಸಾಪ್ ಗುಂಪಿನಲ್ಲಿ ಮಾಡಲು ಹೋದದ್ದು. ರಾಜ್ಯೋತ್ಸವದ ಆಹ್ವಾನ ಪತ್ರಿಕೆಯ ಕರಡು ಅಲ್ಲೇ, ಲೆಕ್ಕಪತ್ರ ಅಲ್ಲೇ, ಶುಭೋದಯ ಅಲ್ಲೇ, ಸಾವಿನ ಸುದ್ದಿಯೂ ಅಲ್ಲೇ. ಬೇಕಾದದ್ದು ಬೇಕಾದ ಹೊತ್ತಿಗೆ ಸಿಗುತ್ತಿರಲಿಲ್ಲ, ಬೇಡದವರ ಕೈಗೆ ಎಲ್ಲವೂ ಸಿಗುತ್ತಿತ್ತು.

ಈಗ ಹೀಗೆ ಮಾಡಿಕೊಂಡಿದ್ದೇವೆ. ಮಾತುಕತೆಗೆ ವಾಟ್ಸಾಪ್. ಕಡತಕ್ಕೆ ಸಂಘದ ಹೆಸರಿನ ಜಿಮೇಲ್ ಖಾತೆಯ ಗೂಗಲ್ ಡ್ರೈವ್. ದೂರದವರ ಸಭೆಗೆ ಗೂಗಲ್ ಮೀಟ್ ಇಲ್ಲವೇ ಜೂಮ್. ಹೊಸದಾಗಿ ಏನನ್ನೂ ಕೊಂಡಿಲ್ಲ, ಎಲ್ಲವೂ ಪುಕ್ಕಟೆ ಸಿಗುವವೇ. ನೋಂದಾಯಿತ ಲಾಭರಹಿತ ಸಂಸ್ಥೆಗಳಿಗೆ ಗೂಗಲ್ ತನ್ನ ವರ್ಕ್‌ಸ್ಪೇಸನ್ನು ಉಚಿತವಾಗಿ ಕೊಡುವ ಯೋಜನೆಯೂ ಇದೆ. ಅದಕ್ಕೆ ಸಂಘದ ನೋಂದಣಿ ಪತ್ರ ಮುಂತಾದವು ಬೇಕಾಗುತ್ತವೆ.

ಗುಂಪುಗಳನ್ನು ಬೇರೆ ಮಾಡಿ

ಒಂದು ವಾಟ್ಸಾಪ್ ಗುಂಪಿನಲ್ಲಿ 1,024 ಜನರವರೆಗೆ ಸೇರಬಹುದು. ಸೇರಬಹುದು ಎಂದು ಸೇರಿಸುತ್ತಾ ಹೋದರೆ ಅದು ಸಂತೆಯಾಗುತ್ತದೆ. ನಾವು ಮೂರು ಗುಂಪು ಮಾಡಿದ್ದೇವೆ. ಮೊದಲನೆಯದು ಪ್ರಕಟಣೆಯ ಗುಂಪು: ಇದರಲ್ಲಿ ಎಲ್ಲ ಸದಸ್ಯರೂ ಇರುತ್ತಾರೆ, ಆದರೆ ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಸೆಟ್ಟಿಂಗ್ ಮಾಡಿದೆ. ಎರಡನೆಯದು ಹರಟೆಯ ಗುಂಪು: ಹಬ್ಬದ ಶುಭಾಶಯ, ಫೋಟೊ, ಊರಿನ ಸುದ್ದಿ ಎಲ್ಲ ಅಲ್ಲಿ. ಮೂರನೆಯದು ಸಮಿತಿಯ ಗುಂಪು: ಪದಾಧಿಕಾರಿಗಳು ಮತ್ತು ಕಾರ್ಯಕಾರಿ ಸದಸ್ಯರು ಮಾತ್ರ. ರಾಜ್ಯೋತ್ಸವದಂಥ ಒಂದು ಕೆಲಸಕ್ಕೆ ಬೇರೆ ಗುಂಪು ಬೇಕಾದರೆ ಮಾಡಿ, ಕೆಲಸ ಮುಗಿದ ಮೇಲೆ ಮುಚ್ಚಿಬಿಡುತ್ತೇವೆ.

ಗುಂಪಿಗೆ ಸೇರುವ ಲಿಂಕನ್ನು ಫೇಸ್‌ಬುಕ್ಕಿನಲ್ಲಿ ಹಾಕುವುದನ್ನು ನಿಲ್ಲಿಸಿದ್ದೇವೆ. ಲಿಂಕ್ ಸಿಕ್ಕವರೆಲ್ಲ ಒಳಗೆ ಬಂದರೆ ಬಂದವರು ಯಾರೆಂದು ಯಾರಿಗೂ ಗೊತ್ತಿರುವುದಿಲ್ಲ. ಹೊಸಬರು ಸೇರಲು ಅಡ್ಮಿನ್ ಒಪ್ಪಿಗೆ ಬೇಕು ಎಂಬ ಸೆಟ್ಟಿಂಗ್ ಇದೆ, ಅದನ್ನು ಆನ್ ಮಾಡಿದ್ದೇವೆ. ಅಡ್ಮಿನ್‌ಗಳು ಮೂವರು: ರಾಯದುರ್ಗದ ಕಡೆಯವರೊಬ್ಬರು, ಮಡಕಶಿರಾ ಕಡೆಯವರೊಬ್ಬರು, ಹೊರಗಿರುವವರೊಬ್ಬರು. ಒಬ್ಬರೇ ಆದರೆ ಅವರ ಫೋನ್ ಕೆಟ್ಟ ದಿನ ಗುಂಪಿಗೆ ಯಜಮಾನರೇ ಇರುವುದಿಲ್ಲ.

"ವಾಟ್ಸಾಪ್‌ನಲ್ಲಿ ಕಳಿಸಿದ್ದು ಗುಟ್ಟಾಗಿರುತ್ತದೆಯಲ್ಲ?" ಎಂದು ಹಲವರು ಕೇಳುತ್ತಾರೆ. 2016ರಿಂದ ವಾಟ್ಸಾಪ್ ಸಂದೇಶಗಳು ಕಳಿಸಿದವರ ಫೋನಿನಿಂದ ಪಡೆದವರ ಫೋನಿನವರೆಗೆ ಬೀಗ ಹಾಕಿಕೊಂಡೇ ಹೋಗುತ್ತವೆ, ದಾರಿಯಲ್ಲಿ ಯಾರೂ ಓದಲಾರರು. ಆದರೆ ಇದು ಅಂಟಿಸಿದ ಲಕೋಟೆಯಿದ್ದಂತೆ. ಅಂಚೆಯವನು ಒಡೆಯುವುದಿಲ್ಲ, ಸರಿ. ಮುನ್ನೂರು ಮನೆಗೆ ಮುನ್ನೂರು ಲಕೋಟೆ ಹೋದ ಮೇಲೆ ಯಾವ ಮನೆಯಲ್ಲಿ ಯಾರು ಓದಿ ಯಾರಿಗೆ ತೋರಿಸಿದರು ಎಂಬುದು ನಮ್ಮ ಕೈಯಲ್ಲಿಲ್ಲ. ತಪ್ಪಿ ಹಾಕಿದ್ದನ್ನು ಎಲ್ಲರಿಗೂ ಅಳಿಸಲು ಸುಮಾರು ಎರಡು ದಿನ ಕಾಲಾವಕಾಶ ಇರುತ್ತದೆ. ಅಷ್ಟರಲ್ಲಿ ಡೌನ್‌ಲೋಡ್ ಮಾಡಿಕೊಂಡವರ ಫೋನಿನಿಂದ ಅದು ಹೋಗುವುದಿಲ್ಲ.

ಮಕ್ಕಳ ವಿವರ: ಬೇಡದ್ದನ್ನು ಕೇಳಲೇಬೇಡಿ

ನಮ್ಮ ತಪ್ಪಿನಿಂದ ಕಲಿತ ದೊಡ್ಡ ಪಾಠ ಇದು. ಬಹುಮಾನದ ಹಣ ಹಾಕಲು ಬೇಕಾದದ್ದು ಖಾತೆದಾರರ ಹೆಸರು, ಖಾತೆ ನಂಬರು, ಐಎಫ್‌ಎಸ್‌ಸಿ ಕೋಡ್, ಇಷ್ಟೇ. ಆಧಾರ್ ಬೇಕಾಗಿಯೇ ಇರಲಿಲ್ಲ. "ಇರಲಿ, ಯಾವುದಕ್ಕೂ ಇರಲಿ" ಎಂದು ಕೇಳಿದೆವು. ಹಾಗೆ ಕೇಳಿ ಇಟ್ಟುಕೊಂಡದ್ದೇ ಆಮೇಲೆ ಕಾಯಬೇಕಾದ ಹೊರೆಯಾಗುತ್ತದೆ. ನಮ್ಮ ಹತ್ತಿರ ಇಲ್ಲದ್ದು ನಮ್ಮಿಂದ ಕಳೆದುಹೋಗಲಾರದು.

ಎಲ್ಲಾದರೂ ಗುರುತಿಗೆ ಆಧಾರ್ ಕೊಡಲೇಬೇಕಾದರೆ ಮೊದಲ ಎಂಟು ಅಂಕಿಗಳನ್ನು ಮರೆಮಾಡಿ ಕೊನೆಯ ನಾಲ್ಕನ್ನು ಮಾತ್ರ ತೋರಿಸುವ ಮಾಸ್ಕ್ಡ್ ಆಧಾರ್ ಅನ್ನು ಆಧಾರ್ ಪ್ರಾಧಿಕಾರದ ತಾಣದಿಂದಲೇ ಇಳಿಸಿಕೊಳ್ಳಬಹುದು. ನೆಟ್ ಸೆಂಟರಿನಲ್ಲಿ ಇಳಿಸಿದರೆ ಕೆಲಸವಾದ ಮೇಲೆ ಅಲ್ಲಿನ ಕಂಪ್ಯೂಟರಿನಿಂದ ಅಳಿಸಲು ಮರೆಯಬೇಡಿ.

ವಿವರ ಸಂಗ್ರಹಿಸಲು ಗುಂಪಿನ ಬದಲು ಗೂಗಲ್ ಫಾರ್ಮ್ ಬಳಸುತ್ತಿದ್ದೇವೆ. ಪ್ರತಿಯೊಬ್ಬರೂ ತಮ್ಮ ವಿವರ ತುಂಬುತ್ತಾರೆ, ಅದು ಸಂಘದ ಖಾತೆಯ ಹಾಳೆಗೆ ನೇರವಾಗಿ ಬರುತ್ತದೆ, ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಫಾರ್ಮ್ ತುಂಬಲು ಬಾರದವರು ಶಾಲೆಯ ಮೇಷ್ಟ್ರ ಹತ್ತಿರವೋ ಸಮಿತಿ ಸದಸ್ಯರ ಹತ್ತಿರವೋ ಕಾಗದದಲ್ಲಿ ಬರೆದು ಕೊಡಬಹುದು. ಹಣ ಸಂದಾಯವಾಗಿ ಲೆಕ್ಕ ಪರಿಶೋಧನೆ ಮುಗಿದ ಮೇಲೆ ಖಾತೆ ನಂಬರುಗಳ ಹಾಳೆಯನ್ನು ಅಳಿಸುತ್ತೇವೆ. ಹೆಸರು, ಶಾಲೆ, ಅಂಕಗಳ ಪಟ್ಟಿ ಮಾತ್ರ ಉಳಿಯುತ್ತದೆ.

2023ರಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಹದಿನೆಂಟು ತುಂಬದವರನ್ನು ಮಕ್ಕಳೆಂದೇ ಎಣಿಸುತ್ತದೆ, ಅವರ ವಿವರ ಬಳಸಲು ಹೆತ್ತವರ ಒಪ್ಪಿಗೆ ಬೇಕೆನ್ನುತ್ತದೆ. ಕಾಯ್ದೆಯ ಮಾತು ಬಿಟ್ಟರೂ, ನಮ್ಮ ಮಕ್ಕಳ ಫೋಟೊ, ಊರು, ಶಾಲೆ ಎಲ್ಲವನ್ನೂ ಒಟ್ಟಿಗೆ ಲೋಕಕ್ಕೆಲ್ಲ ತೋರಿಸುವ ಮೊದಲು ಅವರ ತಾಯಿ ತಂದೆಯರನ್ನು ಒಂದು ಮಾತು ಕೇಳುವುದು ನಮ್ಮ ಮರ್ಯಾದೆ.

ಕಡತ ಒಂದೇ ಇರಲಿ, ಎಲ್ಲರಿಗೂ ಸಿಗಲಿ

ಒಮ್ಮೆ ಆಹ್ವಾನ ಪತ್ರಿಕೆಯ ಕರಡು ಗುಂಪಿನಲ್ಲಿ ಐದು ಸಲ ಓಡಾಡಿತು. "ಫೈನಲ್", "ಫೈನಲ್ ಹೊಸದು", "ಇದೇ ಫೈನಲ್". ಮುದ್ರಣಕ್ಕೆ ಹೋದದ್ದು ಮೂರನೆಯದು. ಅಧ್ಯಕ್ಷತೆ ವಹಿಸಬೇಕಾದ ಹಿರಿಯರ ಹೆಸರೇ ಅದರಲ್ಲಿರಲಿಲ್ಲ. ಕಾರ್ಡುಗಳಿಗೆಲ್ಲ ಹೆಸರಿನ ಚೀಟಿ ಅಂಟಿಸಿ ಹಂಚಿದೆವು.

ಕಡತವನ್ನು ಕಳಿಸುವುದರ ಬದಲು ಕಡತ ಇರುವ ಜಾಗದ ಲಿಂಕ್ ಕಳಿಸಿದರೆ ಈ ತೊಂದರೆ ಇಲ್ಲ. ಗೂಗಲ್ ಡಾಕ್ಸ್‌ನಲ್ಲಿ ಕರಡು ಒಂದೇ ಇರುತ್ತದೆ, ಎಲ್ಲರೂ ಅದನ್ನೇ ನೋಡುತ್ತಾರೆ. ಯಾರೋ ತಪ್ಪಾಗಿ ಅಳಿಸಿದರೂ ಆವೃತ್ತಿ ಇತಿಹಾಸಕ್ಕೆ ಹೋಗಿ ಹಿಂದಿನ ರೂಪಕ್ಕೆ ತರಬಹುದು, ಯಾರು ಏನು ತಿದ್ದಿದರೆಂದೂ ಕಾಣುತ್ತದೆ.

ಲಿಂಕ್ ಕೊಡುವಾಗ ಎರಡು ವಿಷಯ ನೋಡಬೇಕು. ಯಾರಿಗೆ ಕೊಡುತ್ತಿದ್ದೇವೆ ಎಂಬುದು ಮೊದಲನೆಯದು. "ಲಿಂಕ್ ಇರುವ ಯಾರಾದರೂ" ಎಂದು ಇಟ್ಟರೆ ಅದು ರಸ್ತೆಯ ಗೋಡೆಗೆ ಅಂಟಿಸಿದ ಹಾಗೆ. ಕಾರ್ಯಕ್ರಮ ಪಟ್ಟಿಗೆ ಅದು ಪರವಾಗಿಲ್ಲ, ಲೆಕ್ಕಪತ್ರಕ್ಕೂ ಮಕ್ಕಳ ಪಟ್ಟಿಗೂ ಬೇಡ. ಅವುಗಳಿಗೆ ಹೆಸರು ಹಿಡಿದು, ಅವರವರ ಇಮೇಲ್‌ಗೆ ಮಾತ್ರ ಕೊಡಬೇಕು. ಏನು ಮಾಡಲು ಬಿಡುತ್ತೇವೆ ಎಂಬುದು ಎರಡನೆಯದು: ನೋಡಲು ಮಾತ್ರವೇ, ಟಿಪ್ಪಣಿ ಬರೆಯಲೇ, ತಿದ್ದಲೇ? ಲೆಕ್ಕದ ಹಾಳೆಯನ್ನು ಸಮಿತಿಯ ಎಲ್ಲರೂ ನೋಡಬಹುದು, ಖಜಾಂಚಿ ಮತ್ತು ಸಹ ಕಾರ್ಯದರ್ಶಿ ಮಾತ್ರ ತಿದ್ದಬಹುದು ಎಂದು ಇಟ್ಟಿದ್ದೇವೆ. ಎಲ್ಲರಿಗೂ ಕಾಣುವ ಲೆಕ್ಕದ ಬಗ್ಗೆ ಬೆನ್ನ ಹಿಂದೆ ಮಾತು ಹುಟ್ಟುವುದು ಕಡಿಮೆ.

ಕಡತದ ಹೆಸರಿಗೂ ಒಂದು ಕ್ರಮವಿರಲಿ. ಮೊದಲು ವರ್ಷ, ತಿಂಗಳು, ದಿನ, ಆಮೇಲೆ ಜಿಲ್ಲೆ, ಆಮೇಲೆ ವಿಷಯ. ಹೀಗಿಟ್ಟರೆ ಪಟ್ಟಿ ತಾನಾಗಿಯೇ ದಿನಾಂಕದ ಪ್ರಕಾರ ಕೂಡುತ್ತದೆ. ಅನಂತಪುರಕ್ಕೆ ಕೊಟ್ಟ ಮನವಿಗಳು ಒಂದು ಫೋಲ್ಡರ್, ಪುಟ್ಟಪರ್ತಿಗೆ ಕೊಟ್ಟವು ಇನ್ನೊಂದು. ಮನವಿ ಕೊಟ್ಟ ದಿನವೇ ಸೀಲು ಬಿದ್ದ ಸ್ವೀಕೃತಿ ಪ್ರತಿಯ ಫೋಟೊ ತೆಗೆದು ಅದರ ಜೊತೆಗೆ ಸೇರಿಸಬೇಕು. ನಡಾವಳಿ ಪುಸ್ತಕ ಮಾತ್ರ ಮೊದಲಿನಂತೆ ಕಾಗದದಲ್ಲೇ ಇರುತ್ತದೆ, ಸಹಿ ಅಲ್ಲೇ ಆಗುತ್ತದೆ. ಪ್ರತಿ ಸಭೆಯ ಪುಟದ ಫೋಟೊ ಡ್ರೈವ್‌ಗೆ ಹೋಗುತ್ತದೆ.

ಪುಕ್ಕಟೆ ಸಿಗುವ ಜಾಗ 15 ಜಿಬಿ. ಜಿಮೇಲ್, ಡ್ರೈವ್, ಗೂಗಲ್ ಫೋಟೋಸ್ ಮೂರಕ್ಕೂ ಸೇರಿ ಇಷ್ಟೇ. ಕಾರ್ಯಕ್ರಮದ ವಿಡಿಯೊಗಳನ್ನೆಲ್ಲ ಅಲ್ಲಿ ತುಂಬಿದರೆ ಬೇಗ ತುಂಬುತ್ತದೆ. ವಿಡಿಯೊಗಳನ್ನು ಹಾರ್ಡ್ ಡಿಸ್ಕಿಗೆ ಹಾಕಿ, ಡ್ರೈವನ್ನು ಕಾಗದಪತ್ರಗಳಿಗೇ ಮೀಸಲಿಡಿ.

ನುಡಿ, ಯುನಿಕೋಡ್ ಮತ್ತು ತೆಲುಗು ಪತ್ರಗಳು

ಕನ್ನಡದವರಿಗೇ ಇರುವ ತೊಂದರೆ ಇದು. ಡಿಟಿಪಿ ಅಂಗಡಿಯಲ್ಲಿ ನುಡಿ ಇಲ್ಲವೇ ಬರಹದ ಹಳೆಯ ಫಾಂಟಿನಲ್ಲಿ ಮಾಡಿಸಿದ ಕಡತವನ್ನು ಫೋನಿನಲ್ಲಿ ತೆರೆದರೆ ಇಂಗ್ಲಿಷ್ ಅಕ್ಷರಗಳು ಅಡ್ಡಾದಿಡ್ಡಿ ಬಿದ್ದಂತೆ ಕಾಣುತ್ತದೆ. ಹಳೆಯ ಫಾಂಟುಗಳಲ್ಲಿ ಕಂಪ್ಯೂಟರಿಗೆ ಗೊತ್ತಿರುವುದು ಇಂಗ್ಲಿಷ್ ಅಕ್ಷರದ ಜಾಗವೇ. ಅದರ ಮೇಲೆ ಕನ್ನಡದ ಚಿತ್ರ ಕೂರಿಸಿರುತ್ತಾರೆ. ಆ ಫಾಂಟ್ ಇಲ್ಲದ ಕಡೆ ಚಿತ್ರ ಹೋಗಿ ಒಳಗಿನದು ಹೊರಬೀಳುತ್ತದೆ. ಯುನಿಕೋಡಿನಲ್ಲಿ ಪ್ರತಿ ಕನ್ನಡ ಅಕ್ಷರಕ್ಕೂ ಅದರದೇ ಸಂಖ್ಯೆ ಇದೆ. ಹಾಗಾಗಿ ರಾಯದುರ್ಗದಲ್ಲಿ ಬರೆದದ್ದು ಅಮೆರಿಕದಲ್ಲೂ ಹಾಗೆಯೇ ಕಾಣುತ್ತದೆ, ಹುಡುಕಿದರೆ ಸಿಗುತ್ತದೆ.

ಆದ್ದರಿಂದ ಸಂಘದ ಎಲ್ಲ ಬರಹವೂ ಯುನಿಕೋಡಿನಲ್ಲಿರಲಿ. ನುಡಿಯಲ್ಲೂ ಬರಹದಲ್ಲೂ ಯುನಿಕೋಡ್ ಆಯ್ಕೆ ಇದೆ, ಹಳೆಯದನ್ನು ಪರಿವರ್ತಿಸುವ ಸಾಧನಗಳೂ ಇವೆ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನೂ ಅರ್ಕಾವೊತ್ತನ್ನೂ ಒಮ್ಮೆ ಓದಿ ನೋಡಿ. ಟೈಪಿಸಲು ಬಾರದ ಹಿರಿಯರು ಫೋನಿನ ಕೀಲಿಮಣೆಯ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತದೆ. ನಮ್ಮ ಕಡೆಯ ಮಾತಿನಲ್ಲಿ ತೆಲುಗು ಬೆರೆತಿರುವುದರಿಂದ ಆಗಾಗ ತಮಾಷೆಯ ತಪ್ಪುಗಳಾಗುತ್ತವೆ, ತಿದ್ದಿ ಕಳಿಸಿದರಾಯಿತು.

ಕಚೇರಿಗಳಿಂದ ಬರುವ ಪತ್ರ ತೆಲುಗಿನಲ್ಲಿರುತ್ತದೆ. ತೆಲುಗು ಮಾತಾಡಬಲ್ಲ ಹಲವರಿಗೆ ಸರ್ಕಾರಿ ತೆಲುಗು ಓದಲು ಕಷ್ಟ. ಗೂಗಲ್ ಲೆನ್ಸ್‌ನಲ್ಲಿ ಫೋಟೊ ಹಿಡಿದರೆ ಕನ್ನಡದಲ್ಲಿ ಅರ್ಥ ಸಿಗುತ್ತದೆ. ಭಾರತ ಸರ್ಕಾರದ ಭಾಷಿಣಿಯೂ ಇದೆ. ಒಟ್ಟು ವಿಷಯ ತಿಳಿಯಲು ಇವು ಸಾಕು. ದಿನಾಂಕ, ಹಣ, ಆದೇಶದ ಸಂಖ್ಯೆಗಳನ್ನು ಮಾತ್ರ ಮೂಲಪತ್ರದಲ್ಲೇ ನೋಡಿ. ಮಕ್ಕಳ ಇಲ್ಲವೇ ಶಿಕ್ಷಕರ ವೈಯಕ್ತಿಕ ವಿವರವಿರುವ ಪತ್ರವನ್ನು ಅನುವಾದಕ್ಕೆಂದು ಸಿಕ್ಕ ಸಿಕ್ಕ ಆ್ಯಪ್‌ಗಳಿಗೆ ಕೊಡಬೇಡಿ.

ಖಾತೆ ಯಾರದು? ಬೀಗದ ಕೈ ಯಾರ ಬಳಿ?

ಸಂಘದ ಇಮೇಲ್, ಡ್ರೈವ್, ಯೂಟ್ಯೂಬ್ ಚಾನೆಲ್, ಫೇಸ್‌ಬುಕ್ ಪುಟ ಯಾವುದೂ ಒಬ್ಬರ ಸ್ವಂತ ಖಾತೆಯಲ್ಲಿರಬಾರದು. ಮಾಡುವಾಗ ಯಾರೋ ಉತ್ಸಾಹಿಗಳು ತಮ್ಮ ಖಾತೆಯಲ್ಲೇ ಮಾಡಿರುತ್ತಾರೆ. ಅವರು ಊರು ಬಿಟ್ಟರೆ, ಮುನಿಸಿಕೊಂಡರೆ, ದೇವರಪಾದ ಸೇರಿದರೆ ಸಂಘದ ಹತ್ತಾರು ವರ್ಷದ ಫೋಟೊ, ಕಾಗದ ಎಲ್ಲವೂ ಅವರ ಜೊತೆಗೇ ಹೋಗುತ್ತದೆ.

ಸಂಘದ ಖಾತೆಯ ಪಾಸ್‌ವರ್ಡ್ ಉದ್ದವಾಗಿರಲಿ. ಸಂಘದ ಹೆಸರು, ಸ್ಥಾಪನೆಯಾದ ವರ್ಷ, ಯಾರದಾದರೂ ಹುಟ್ಟಿದ ದಿನ ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಜೋಡಿಸಿದರೆ ನೆನಪಿಗೂ ಸುಲಭ, ಊಹಿಸಲೂ ಕಷ್ಟ. ಎರಡು ಹಂತದ ಪರಿಶೀಲನೆಯನ್ನು ಆನ್ ಮಾಡಿ. ಆಗ ಪಾಸ್‌ವರ್ಡ್ ಕದ್ದವರಿಗೂ ಬಾಗಿಲು ತೆರೆಯುವುದಿಲ್ಲ. ಫೋನ್ ಕಳೆದರೆ ಏನು ಗತಿ ಎಂಬ ಚಿಂತೆಗೆ ಗೂಗಲ್ ಹತ್ತು ಬ್ಯಾಕಪ್ ಕೋಡ್‌ಗಳನ್ನು ಕೊಡುತ್ತದೆ. ಅವನ್ನು ಮುದ್ರಿಸಿ, ಲಕೋಟೆಯಲ್ಲಿ ಹಾಕಿ, ಸಂಘದ ಸೀಲು ಮತ್ತು ಚೆಕ್‌ಬುಕ್ ಇರುವ ಬೀರುವಿನಲ್ಲೇ ಇಟ್ಟಿದ್ದೇವೆ.

ವಾರ್ಷಿಕ ಮಹಾಸಭೆಯಲ್ಲಿ ಹೊಸ ಸಮಿತಿ ಬಂದ ದಿನ ಸೀಲು, ರಸೀದಿ ಪುಸ್ತಕ, ಬ್ಯಾಂಕ್ ಸಹಿ ಹಸ್ತಾಂತರ ಮಾಡುತ್ತೇವೆ. ಇನ್ನು ಮೇಲೆ ಅದೇ ಪಟ್ಟಿಯಲ್ಲಿ ಇವೂ ಸೇರಿರುತ್ತವೆ: ಪಾಸ್‌ವರ್ಡ್ ಬದಲಾವಣೆ, ಮರುಪಡೆಯುವ ಫೋನ್ ನಂಬರಿನ ಬದಲಾವಣೆ, ಹಳೆಯ ಸಾಧನಗಳಿಂದ ಸೈನ್ ಔಟ್, ಗುಂಪುಗಳ ಅಡ್ಮಿನ್ ಬದಲಾವಣೆ, ಸಮಿತಿಯ ಕಡತಗಳ ಅನುಮತಿ ಬದಲಾವಣೆ. ಇದು ಯಾರ ಮೇಲಿನ ಅಪನಂಬಿಕೆಯೂ ಅಲ್ಲ. ಮನೆ ಖಾಲಿ ಮಾಡುವಾಗ ಬೀಗದ ಕೈ ಕೊಟ್ಟು ಹೋಗುವ ರೂಢಿಯಷ್ಟೇ.

ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಜಿಮೇಲ್ ಖಾತೆಯನ್ನು ಅದರಲ್ಲಿರುವುದೆಲ್ಲದರ ಸಮೇತ ಗೂಗಲ್ ಅಳಿಸಬಹುದು ಎಂಬ ನಿಯಮವೂ ಇದೆ. 2023ರ ಡಿಸೆಂಬರಿನಿಂದ ಅದು ಜಾರಿಯಲ್ಲಿದೆ. ಹಿಂದಿನ ಸಮಿತಿಗಳು ಮಾಡಿಟ್ಟ ಹಳೆಯ ಖಾತೆ ಯಾರಿಗಾದರೂ ನೆನಪಿದ್ದರೆ ದಯವಿಟ್ಟು ಇಂದೇ ಒಮ್ಮೆ ತೆರೆದು ನೋಡಿ.

ದೂರದ ಸಭೆ

ಗೂಗಲ್ ಮೀಟ್‌ನಲ್ಲಿ ಪುಕ್ಕಟೆಯಾಗಿ ಮೂರು ಅಥವಾ ಹೆಚ್ಚು ಜನರ ಸಭೆ 60 ನಿಮಿಷ, ಜೂಮ್‌ನಲ್ಲಿ 40 ನಿಮಿಷ ನಡೆಸಬಹುದು. ಎರಡರಲ್ಲೂ 100 ಜನ ಸೇರಬಹುದು. ನಾವು 40 ನಿಮಿಷವನ್ನೇ ಮಿತಿ ಮಾಡಿಕೊಂಡಿದ್ದೇವೆ. ಮಿತಿ ಇದ್ದಾಗ ಮಾತು ವಿಷಯದ ಮೇಲೆ ನಿಲ್ಲುತ್ತದೆ.

ಕೊರೊನಾ ಕಾಲದಲ್ಲಿ ಲಿಂಕ್ ಸಿಕ್ಕ ಅಪರಿಚಿತರು ಜೂಮ್ ಸಭೆಗಳಿಗೆ ನುಗ್ಗಿ ಅಸಭ್ಯ ಚಿತ್ರ ತೋರಿಸಿದ ಘಟನೆಗಳು ಲೋಕದ ಹಲವು ಕಡೆ ಆದವು. 2020ರ ಏಪ್ರಿಲ್‌ನಲ್ಲಿ ನಮ್ಮ ಗೃಹ ಸಚಿವಾಲಯವೂ ಎಚ್ಚರಿಕೆ ಕೊಟ್ಟಿತ್ತು. ಆಗ ಹೇಳಿದ ಕ್ರಮಗಳು ಇಂದಿಗೂ ಬೇಕು: ಸಭೆಗೆ ಪಾಸ್‌ಕೋಡ್ ಇರಲಿ, ಕಾಯುವ ಕೋಣೆ ಇರಲಿ, ಹೆಸರು ನೋಡಿ ಒಳಗೆ ಬಿಡಿ, ಪರದೆ ಹಂಚಿಕೊಳ್ಳುವ ಅಧಿಕಾರ ಆತಿಥೇಯರಿಗೆ ಮಾತ್ರ ಇರಲಿ. ಮಕ್ಕಳ ಭಾಷಣ ಸ್ಪರ್ಧೆ, ಗಾಯನ ಸ್ಪರ್ಧೆ ನಡೆಸುವಾಗ ಇದರಲ್ಲಿ ಯಾವುದನ್ನೂ ಬಿಡಬೇಡಿ.

ನೆಟ್‌ವರ್ಕ್ ಬಂದು ಹೋಗುವ ಊರುಗಳವರು ಕ್ಯಾಮೆರಾ ಮುಚ್ಚಿ ಧ್ವನಿ ಮಾತ್ರ ಇಟ್ಟುಕೊಂಡರೆ ಸಭೆ ಕಡಿದುಹೋಗುವುದು ಕಡಿಮೆ. ಕಾರ್ಯಸೂಚಿ ಹಿಂದಿನ ದಿನವೇ ಬರಬೇಕು. ಸಭೆ ಮುಗಿದ ಅದೇ ದಿನ ತೀರ್ಮಾನಗಳನ್ನು ಮೂರು ಅಂಶದಲ್ಲಿ ಗುಂಪಿಗೆ ಹಾಕಬೇಕು: ಏನು, ಯಾರು, ಯಾವಾಗ. "ನೋಡೋಣ, ಮಾಡೋಣ" ಎಂದು ಮುಗಿದ ಸಭೆ ಫೋನಿನಲ್ಲಾದರೂ ಒಂದೇ, ಕಟ್ಟೆಯ ಮೇಲಾದರೂ ಒಂದೇ.

ಹೊಲಿಗೆ ಘಟಕದವರಿಗೆ ಎರಡು ಮಾತು

ರಾಯದುರ್ಗದಲ್ಲಿ ಜೀನ್ಸ್ ಮತ್ತು ಸಿದ್ಧ ಉಡುಪಿನ ಹೊಲಿಗೆಯನ್ನು ನಂಬಿದ ಮನೆಗಳು ಬಹಳ. ಆರ್ಡರ್ ಬರುವುದು, ಅಳತೆ ಬರುವುದು, ಹಣ ಬರುವುದು ಎಲ್ಲ ಈಗ ಫೋನಿನಲ್ಲೇ. ವಾಯ್ಸ್ ಮೆಸೇಜಿನಲ್ಲಿ ಬಂದ ಆರ್ಡರಿಗೆ ಆಮೇಲೆ ಜಗಳ ಹುಟ್ಟುತ್ತದೆ. ಮಾತು ಮುಗಿದ ಮೇಲೆ ಎಷ್ಟು ಪೀಸು, ಯಾವ ಸೈಜು, ಪೀಸಿಗೆ ಎಷ್ಟು, ಯಾವ ದಿನಕ್ಕೆ ಎಂದು ಒಂದೇ ಸಂದೇಶದಲ್ಲಿ ಬರೆದು ಕಳಿಸಿ, "ಸರಿ" ಎಂಬ ಉತ್ತರ ತರಿಸಿಕೊಳ್ಳಿ. ಆ ಸಂದೇಶವನ್ನು ಮೇಲೆ ಪಿನ್ ಮಾಡಿ ಇಡಬಹುದು.

ಹಣ ಹಾಕಿದ್ದೇನೆ ಎಂದು ಬರುವ ಸ್ಕ್ರೀನ್‌ಶಾಟ್ ನಂಬಿ ಮಾಲು ಬಿಡಬೇಡಿ. ನಿಮ್ಮ ಖಾತೆಯಲ್ಲಿ ಬಂದಿದೆಯೇ ನೋಡಿ. ಹಣ ಪಡೆಯಲು ಯುಪಿಐ ಪಿನ್ ಯಾವತ್ತೂ ಬೇಡ. ಪಿನ್ ಕೇಳಿದರೆ ಹಣ ನಿಮ್ಮಿಂದ ಹೋಗುತ್ತಿದೆ ಎಂದೇ ಅರ್ಥ.

ಮೋಸದ ಕರೆ, ಮೋಸದ ಕಡತ

ಮದುವೆ ಕರೆಯೋಲೆ, ಸರ್ಕಾರಿ ಯೋಜನೆಯ ಪಟ್ಟಿ, ಬ್ಯಾಂಕಿನ ಸೂಚನೆ ಎಂಬ ಹೆಸರಿನಲ್ಲಿ ಕಡತ ಬಂದರೆ ಹೆಸರಿನ ಕೊನೆಯನ್ನು ನೋಡಿ. ಪಿಡಿಎಫ್ ಇಲ್ಲವೇ ಫೋಟೊ ಆಗಿದ್ದರೆ ಒಂದು ಮಾತು. ಎಪಿಕೆ ಎಂದಿದ್ದರೆ ಅದು ಕಾಗದವಲ್ಲ, ಆ್ಯಪ್. ಒತ್ತಿ ಇನ್‌ಸ್ಟಾಲ್ ಮಾಡಿದರೆ ನಿಮ್ಮ ಎಸ್‌ಎಂಎಸ್, ಒಟಿಪಿಗಳೆಲ್ಲ ಮತ್ತೊಬ್ಬರ ಕೈಗೆ ಹೋಗಬಹುದು. ಕಳಿಸಿದವರು ಪರಿಚಿತರೇ ಆದರೂ ಕರೆ ಮಾಡಿ ಕೇಳಿ, ಅವರ ಫೋನೇ ಬೇರೆಯವರ ಹಿಡಿತಕ್ಕೆ ಹೋಗಿರಬಹುದು.

ವಾಟ್ಸಾಪ್ ಕಳಿಸುವ ಆರು ಅಂಕಿಯ ಕೋಡನ್ನು "ತಪ್ಪಿ ನಿಮಗೆ ಬಂದಿದೆ, ಹೇಳಿ" ಎಂದು ಕೇಳಿದರೆ ಯಾರಿಗೂ ಹೇಳಬೇಡಿ. ಹೇಳಿದ ಕ್ಷಣವೇ ನಿಮ್ಮ ವಾಟ್ಸಾಪ್ ಅವರದಾಗುತ್ತದೆ. ಆಮೇಲೆ ನಿಮ್ಮ ಹೆಸರಿನಲ್ಲಿ ಗುಂಪಿನವರನ್ನೆಲ್ಲ ಹಣ ಕೇಳುತ್ತಾರೆ. ವಾಟ್ಸಾಪ್ ಸೆಟ್ಟಿಂಗ್‌ನಲ್ಲಿ ಎರಡು ಹಂತದ ಪರಿಶೀಲನೆಯ ಪಿನ್ ಇಟ್ಟುಕೊಳ್ಳಿ. ಲಿಂಕ್ ಆದ ಸಾಧನಗಳು ಎಂಬಲ್ಲಿ ನಿಮಗೆ ಗೊತ್ತಿಲ್ಲದ ಕಂಪ್ಯೂಟರ್ ಇದ್ದರೆ ತೆಗೆದುಹಾಕಿ.

ಸಂಘ ಯಾರಿಗೂ ಫೋನಿನಲ್ಲಿ ಒಟಿಪಿ ಕೇಳುವುದಿಲ್ಲ, ಪಿನ್ ಕೇಳುವುದಿಲ್ಲ, "ಮೊದಲು ಸ್ವಲ್ಪ ಹಣ ಕಟ್ಟಿ" ಎನ್ನುವುದಿಲ್ಲ. ಅಧ್ಯಕ್ಷರ ಹೆಸರು ಹೇಳಿ ಯಾರಾದರೂ ಕೇಳಿದರೆ ಅದು ಸುಳ್ಳೆಂದೇ ತಿಳಿಯಿರಿ.

ಹಣ ಹೋಗಿಬಿಟ್ಟರೆ ನಾಚಿಕೊಂಡು ಸುಮ್ಮನೆ ಕೂರಬೇಡಿ, ಮನೆಯವರಿಂದ ಮುಚ್ಚಿಡಬೇಡಿ. ತಕ್ಷಣ 1930ಕ್ಕೆ ಕರೆ ಮಾಡಿ. ದೇಶಕ್ಕೆಲ್ಲ ಒಂದೇ ನಂಬರು ಅದು. ಹಣ ಖಾತೆಯಿಂದ ಖಾತೆಗೆ ಓಡುವ ಮೊದಲು ತಡೆಯಲು ಸಾಧ್ಯವಾಗುವುದು ಬೇಗ ಹೇಳಿದಾಗಲೇ. ಬ್ಯಾಂಕಿಗೂ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ದೂರು ಪೋರ್ಟಲ್‌ನಲ್ಲಿ ದೂರು ದಾಖಲಿಸಿ. ಫೋನ್ ಕಳೆದಿದ್ದರೆ ಸಂಚಾರ್ ಸಾಥಿ ತಾಣದಲ್ಲಿ ಅದನ್ನು ನಿಷ್ಕ್ರಿಯಗೊಳಿಸಬಹುದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದೂ ಅಲ್ಲೇ ನೋಡಬಹುದು.

ಈ ವಾರ ಮಾಡಬೇಕಾದದ್ದು

ಎಲ್ಲವನ್ನೂ ಒಂದೇ ದಿನ ಮಾಡಲಾಗದು. ಈ ವಾರ ಪ್ರತಿಯೊಬ್ಬ ಸದಸ್ಯರೂ ಮೂರು ಕೆಲಸ ಮಾಡಿ. ವಾಟ್ಸಾಪ್‌ಗೆ ಎರಡು ಹಂತದ ಪಿನ್ ಇಡಿ. ಲಿಂಕ್ ಆದ ಸಾಧನಗಳನ್ನು ನೋಡಿ. ನಿಮ್ಮ ಫೋನಿನಲ್ಲಿ ಕಳೆದ ಬಾರಿಯ ಪುರಸ್ಕಾರದ ಪಟ್ಟಿಯಾಗಲಿ, ಮಕ್ಕಳ ಆಧಾರ್, ಪಾಸ್‌ಬುಕ್ ಫೋಟೊಗಳಾಗಲಿ ಉಳಿದಿದ್ದರೆ ಅಳಿಸಿ. ಈ ಮೂರನೆಯದನ್ನು ಕೈಮುಗಿದು ಕೇಳುತ್ತಿದ್ದೇವೆ.

ಸೆಟ್ಟಿಂಗ್ ಗೊತ್ತಾಗದ ಹಿರಿಯರು ಸಂಕೋಚ ಪಡಬೇಕಾಗಿಲ್ಲ. ಮುಂದಿನ ತಿಂಗಳ ಸಭೆಗಳ ದಿನ ರಾಯದುರ್ಗದಲ್ಲೂ ಮಡಕಶಿರಾದಲ್ಲೂ ಸಭೆಗೆ ಅರ್ಧ ಗಂಟೆ ಮೊದಲು ನಮ್ಮ ಕಾಲೇಜಿನ ಮಕ್ಕಳು ಕುಳಿತಿರುತ್ತಾರೆ. ಫೋನ್ ನಿಮ್ಮ ಕೈಯಲ್ಲೇ ಇರಲಿ, ಪಿನ್ ನೀವೇ ಒತ್ತಿ, ಅವರು ಪಕ್ಕದಲ್ಲಿ ನಿಂತು ಹೇಳಿಕೊಡುತ್ತಾರೆ. ಅಂದು ಫೋನ್ ಕಿತ್ತುಕೊಂಡು ಅಪ್ಪನ ಹಣ ಉಳಿಸಿದ ಹುಡುಗಿಯೂ ಹೇಳಿಕೊಡಲು ಬರುತ್ತೇನೆ ಎಂದಿದ್ದಾಳೆ.

ಮನೆಯಲ್ಲಿ ಹಳೆಯ ಮನವಿ, ಸ್ವೀಕೃತಿ ಪ್ರತಿ, ಸಂಘದ ಹಳೆಯ ಫೋಟೊಗಳಿದ್ದರೆ ಅಂದು ತನ್ನಿ. ಅಲ್ಲೇ ಫೋಟೊ ತೆಗೆದುಕೊಂಡು ಮೂಲವನ್ನು ನಿಮ್ಮ ಕೈಗೇ ಹಿಂದಿರುಗಿಸುತ್ತೇವೆ.

ಕಾರ್ಯಕಾರಿ ಸಮಿತಿಯ ಪರವಾಗಿ